ವಿದರ್ಸ್‌ಬಿ ಹಾಲ್‌ನ ಬರಿಗಾಲು

ಮೊನ್ನೆ ನನ್ನ ಮಗಳು ಸಿಂಧು ವಿದರ್ಸ್‌ಬಿ ಹಾಲ್ ಎಂಬ ಬಂಗಲೆಗೆ ಸ್ಕೂಲಿನ ಫೀಲ್ಡ್ ಟ್ರಿಪ್ ಹೋಗಿ ಬರುವಾಗ ನನಗೊಂದು ಜೊತೆ ಸ್ಲಿಪ್ಪರ್ ತಂದಳು. ಬೂದು ಬಣ್ಣದ ಉಣ್ಣೆಯದು. ಎರಡರ ಮೇಲೂ ಒಂದೊಂದು ಗುರಾಣಿ, ಗುರಾಣಿಯೊಳಗೆ ಒಂಟಿಕಾಲಿನ ಕೊಕ್ಕರೆ, ಕೊಕ್ಕರೆಯ ಬಾಯಲ್ಲಿ ಕೀಲಿಕೈ. ಬಲಗಾಲಿನದಕ್ಕೆ ದಾರ ಪೋಣಿಸಿ ಒಂದು ದಪ್ಪ ಚೀಟಿ ಕಟ್ಟಿದ್ದರು. ಆ ಕೊಕ್ಕರೆಯನ್ನು ನಾನು ಬಲ್ಲೆ. ನಾಲ್ಕು ವರ್ಷ, ವಾರಕ್ಕೆರಡು ದಿನ, ಅದೇ ಕೊಕ್ಕರೆಯನ್ನು ಎದೆಯ ಮೇಲೆ ಪಿನ್ನು ಮಾಡಿಕೊಂಡು ಓಡಾಡಿದವಳು ನಾನು.

"ಅಮ್ಮ, ನೀನು ಅಲ್ಲಿ ವಾಲಂಟಿಯರ್ ಮಾಡ್ತಿದ್ದೆ ಅಲ್ವಾ? ಡಿಡ್ ಯು ನೋ ದಿಸ್?" ಎಂದು ಸಿಂಧು ಚೀಟಿ ಓದಿ ನನಗೆ ಪಾಠ ಮಾಡಿದಳು. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪೂಜೆಗೆ ನಿಷೇಧವಿತ್ತಂತೆ. ವಿದರ್ಸ್‌ಬಿ ಮನೆಯವರು ತಮ್ಮ ಮನೆಯದೇ ಪುಟ್ಟ ಚರ್ಚಾದ ಚಾಪೆಲ್‌ನಲ್ಲಿ ಕದ್ದುಮುಚ್ಚಿ ಪೂಜೆ ನಡೆಸುತ್ತಿದ್ದರಂತೆ. ಹುಡುಕಲು ಬಂದ ರಾಣಿಯ ಸಿಪಾಯಿಗಳಿಗೆ ಹೆಜ್ಜೆ ಸಪ್ಪಳ ಕೇಳಬಾರದೆಂದು ಎಲ್ಲರೂ ಬಾಗಿಲಲ್ಲೇ ಶೂ ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದರಂತೆ. ಆ ಸಂಪ್ರದಾಯ ಇವತ್ತಿಗೂ ಉಳಿದಿದೆಯಂತೆ.

"ಕೇಳಿದೀನಿ" ಎಂದೆ. ಆ ಕಥೆ ಹುಟ್ಟಿದ್ದು ನನ್ನ ಬಾಯಲ್ಲೇ ಎಂದು ಮಾತ್ರ ಹೇಳಲಿಲ್ಲ. ಹತ್ತು ವರ್ಷದ ಮಗಳ ಎದುರು ತಾಯಿಯ ಮಾನ ಹರಾಜಾಗುವುದು ಬೇಡವೆನಿಸಿತು. ನಿಮ್ಮೆದುರು ಆದರೆ ಅಡ್ಡಿಯಿಲ್ಲ.

ಮೊದಲು ಈ ಸ್ಲಿಪ್ಪರಿನ ವಿಷಯ ನೋಡಿ. ಚಪ್ಪಲಿ ಬಿಡುವ ಸಂಪ್ರದಾಯವೊಂದಕ್ಕೆ ಅಂತಲೇ ಒಂದು ಚಪ್ಪಲಿ ಹೊಲಿಸಿ ಮಾರುವ ಬುದ್ಧಿ ಈ ದೇಶದವರಿಗಲ್ಲದೆ ಇನ್ಯಾರಿಗೆ ಬಂದೀತು? ನಮ್ಮ ದೇವಸ್ಥಾನಗಳ ಮುಂದೆ ಚಪ್ಪಲಿ ಕಾಯುವವರಿದ್ದಾರೆ, ಕದಿಯುವವರಿದ್ದಾರೆ. ಗರ್ಭಗುಡಿಗೆ ಹಾಕಿಕೊಂಡು ಹೋಗಲೆಂದು ಹೊಸ ಜೋಡು ಮಾರುವವರನ್ನು ನಾನು ಕಂಡಿಲ್ಲ. ಆದರೆ ಆ ಮನೆಯ ಚರಿತ್ರೆ ಬಲ್ಲವರಿಗೆ ಇದು ದೊಡ್ಡ ಆಶ್ಚರ್ಯವೇನಲ್ಲ.

ನಾವಿರುವ ಕ್ಯಾರಿ ಊರಿನಿಂದ ಅಲ್ಲಿಗೆ ಒಂದು ಗಂಟೆಯ ಡ್ರೈವ್. ದಾರಿಯುದ್ದಕ್ಕೂ ಪೈನ್ ಮರ, ಪೆಟ್ರೋಲ್ ಬಂಕು, ಮತ್ತೆ ಪೈನ್ ಮರ. ಇದ್ದಕ್ಕಿದ್ದಂತೆ ಎಡಗಡೆ ಒಂದು ಕಲ್ಲಿನ ಕಮಾನು, ಒಳಗೆ ಉತ್ತರ ಇಂಗ್ಲೆಂಡಿನ ಒಂದು ಬಂಗಲೆ. ಇಂಗ್ಲೆಂಡಿನ ಬಂಗಲೆಯ ಥರದ್ದಲ್ಲ, ಇಂಗ್ಲೆಂಡಿನದೇ. ನಾನು ಅಲ್ಲಿ ಸೇರುವುದಕ್ಕೂ ಸುಮಾರು ಎಪ್ಪತ್ತು ವರ್ಷ ಮೊದಲು ಇಲ್ಲಿನ ಒಬ್ಬ ತಂಬಾಕಿನ ಸಾಹುಕಾರನಿಗೆ ಎಲ್ಲವೂ ಇತ್ತು, ಅಜ್ಜ ಮಾತ್ರ ಇರಲಿಲ್ಲ. ಅಂದರೆ ಹೇಳಿಕೊಳ್ಳುವಂಥ ಅಜ್ಜ. ಅದಕ್ಕಾಗಿ ಅವನು ಸಮುದ್ರದಾಚೆ ಹೋಗಿ ದುಡ್ಡಿಲ್ಲದೆ ಸೊರಗಿದ್ದ ಒಂದು ಮನೆತನವನ್ನು ಹುಡುಕಿ, ಅವರ ಮನೆಯನ್ನು ಪ್ರತಿ ಕಲ್ಲಿಗೂ ಕೆಂಪು ಬಣ್ಣದಲ್ಲಿ ನಂಬರ್ ಬರೆಸಿ, ಬಿಚ್ಚಿಸಿ, ಹಡಗಿಗೆ ಹಾಕಿಸಿದ. ದಾರಿಯಲ್ಲಿ ಕೆಲವು ಪೆಟ್ಟಿಗೆಗಳು ನೀರುಪಾಲಾದವು. ಹಾಗಾಗಿ ಅಡುಗೆಮನೆ ಇಲ್ಲಿನ ಕೆಂಪು ಇಟ್ಟಿಗೆಯದು. ಅದನ್ನು ನಾವು ಟೂರಿನಲ್ಲಿ ತೋರಿಸುತ್ತಿರಲಿಲ್ಲ.

ಮನೆಯ ಜೊತೆ ಚಾಪೆಲ್ ಕೂಡ ಬಂತು, ಎಮ್ಮೆಯ ಜೊತೆ ಕರುವೂ ಬರುವ ಹಾಗೆ. ಸಾಹುಕಾರ ಬ್ಯಾಪ್ಟಿಸ್ಟ್, ಕ್ರೈಸ್ತರಲ್ಲೇ ಬೇರೆ ಪಂಗಡ. ಕ್ಯಾಥೊಲಿಕ್ ದೇವರಿಗೂ ಅವನಿಗೂ ಮಾತುಕತೆ ಇರಲಿಲ್ಲ. ಅವನ ಹೆಂಡತಿ ಅಲ್ಲಿ ಗೆಳತಿಯರನ್ನು ಕೂರಿಸಿಕೊಂಡು ಇಸ್ಪೀಟು ಆಡುತ್ತಿದ್ದಳು. ನಾನು ಸೇರುವ ಹೊತ್ತಿಗೆ ಅದನ್ನು ಶನಿವಾರ ಶನಿವಾರ ಮದುವೆಗಳಿಗೆ ಬಾಡಿಗೆಗೆ ಬಿಡುತ್ತಿದ್ದರು. ಗೋಡೆಯ ಹಿಂದೆ ಪಾದ್ರಿಗಳು ಬಚ್ಚಿಟ್ಟುಕೊಳ್ಳಲು ಮಾಡಿದ್ದ ಗೂಡಿನಲ್ಲಿ ಏರ್‌ಕಂಡಿಷನರ್ ಕೂರಿಸಿದ್ದರು. ಜೀವ ಉಳಿಸಿಕೊಳ್ಳಲು ಮನುಷ್ಯರು ದಿನಗಟ್ಟಲೆ ಉಸಿರು ಬಿಗಿಹಿಡಿದು ಕುಳಿತಿದ್ದ ಜಾಗದಲ್ಲಿ ಈಗ ಅದು ಗೊರಗೊರ ಎನ್ನುತ್ತಿತ್ತು. ಪ್ರತಿ ಟೂರಿನಲ್ಲೂ ಯಾರಾದರೊಬ್ಬ ಗಂಡಸು "ಪಾದ್ರಿ ಇನ್ನೂ ಗೊರಕೆ ಹೊಡೀತಿದ್ದಾರೆ" ಎನ್ನುತ್ತಿದ್ದ, ಮಿಕ್ಕವರೆಲ್ಲ ನಗುತ್ತಿದ್ದರು. ನಾನೂ ನಗಬೇಕಾಗಿತ್ತು.

ನಮ್ಮವರಾದರೂ ಏನು ಕಡಿಮೆ? ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಹೆಸರಿನಲ್ಲಿ ಜಮೀನ್ದಾರಿ ಬಂಗಲೆ ಎಂಬರ್ಥದ ಒಂದು ಮ್ಯಾನರ್ ಇದೆ, ಪಕ್ಕದ್ದರಲ್ಲಿ ಒಬ್ಬ ಡ್ಯೂಕ್ ಇದ್ದಾನೆ. ಒಳಗೆಲ್ಲ ಒಗ್ಗರಣೆ ವಾಸನೆ. ಮೈಸೂರಿನ ವಠಾರದಲ್ಲಿ ಬೆಳೆದವರು ಫೋನಿನಲ್ಲಿ ವಿಳಾಸ ಹೇಳುವಾಗ ಆ ಡ್ಯೂಕಿನ ಮೇಲೆ ಎಷ್ಟು ಒತ್ತು ಕೊಡುತ್ತಾರೆಂದರೆ, ಅವನು ಸ್ವಂತ ಸೋದರಮಾವನೇ ಇರಬೇಕು ಅನ್ನಿಸುತ್ತದೆ.

ನಾನು ಅಲ್ಲಿಗೆ ಹೋಗಿ ಸೇರಿದ್ದು ಬೇರೆ ದಾರಿಯಿಲ್ಲದೆ. ತೊಂಬತ್ತಮೂರರಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳು. ಆ ವೀಸಾದ ಕಾನೂನು ಬಲು ಚೆನ್ನಾಗಿತ್ತು: ಸಂಬಳಕ್ಕೆ ದುಡಿಯುವಂತಿಲ್ಲ, ಪುಕ್ಕಟೆಯಾಗಿ ಎಷ್ಟು ಬೇಕಾದರೂ ದುಡಿಯಬಹುದು. ನಾನು ಇತಿಹಾಸದಲ್ಲಿ ಎಂ.ಎ. ಹೊಯ್ಸಳರ ಕಾಲದ ಕೆರೆಗಳ ಶಾಸನದ ಮೇಲೆ ಪ್ರಬಂಧ ಬರೆದು, ಒಂದು ಅಕ್ಷರ ಅನುಮಾನ ಬಂದರೆ ಬಸ್ಸು ಹತ್ತಿ ಹೋಗಿ ಕಲ್ಲನ್ನೇ ತಡವಿ ನೋಡಿ ಬರುತ್ತಿದ್ದವಳು. ಸತ್ಯದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ನನ್ನ ಗಂಡ ಶ್ರೀಧರ, "ಮನೇಲಿ ಕೂತು ತಲೆ ಕೆಡಿಸ್ಕೋಬೇಡ. ಆ ಬಂಗಲೆಯವ್ರು ಗೈಡ್ಸ್ ಹುಡುಕ್ತಿದಾರಂತೆ, ಹೋಗಿ ಅಪ್ಲೈ ಮಾಡು" ಎಂದ. ಹೋದೆ.

ಅಲ್ಲಿನ ಮೇಲ್ವಿಚಾರಕಿ ಬೆವರ್ಲಿ ಅರವತ್ತರ ಹೆಂಗಸು. ಮುತ್ತಿನ ಸರ, ಸಕ್ಕರೆ ಪಾಕದಂಥ ಮಾತು. ವತ್ಸಲಾ ಎಂಬ ನನ್ನ ಹೆಸರು ಕೊನೆಯವರೆಗೂ ಅವಳ ನಾಲಿಗೆಗೆ ಹತ್ತಲಿಲ್ಲ, ಜೇನು ಎಂಬರ್ಥದ ಹನಿ ಎಂದೇ ಕರೆದಳು. "ನಿಮ್ಮ ದೇಶದಲ್ಲಿ ಇಂಗ್ಲಿಷರು ಬಹಳ ಕಾಲ ಇದ್ದರಲ್ವಾ ಹನಿ? ಅವರ ಮನೆಗಳ ವಿಷಯ ನಿನಗೆ ರಕ್ತದಲ್ಲೇ ಬಂದಿರುತ್ತೆ" ಎಂದು ಹೇಳಿ, ಕೊಕ್ಕರೆಯ ಪಿನ್ನು ಕೊಟ್ಟಳು. ಹೊಯ್ಸಳರ ಕೆರೆಗಳ ಬಗ್ಗೆ ಏನೂ ಕೇಳಲಿಲ್ಲ.

ಇನ್ನು ನನ್ನ ಘನಕಾರ್ಯ. ಅದಕ್ಕೆ ನನ್ನ ಅಜ್ಜಿಯೇ ಕಾರಣ. ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಪರೀಕ್ಷೆ ಹತ್ತಿರ ಬಂದರೆ ಅಲ್ಲಿನ ಚಾಪೆಲ್ ತುಂಬ ಹಿಂದೂ ಹುಡುಗಿಯರೇ. ಗಣಿತಕ್ಕೆ ಗಣಪತಿಯೊಬ್ಬನೇ ಸಾಲುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ನಾವು ಶೂ ಬಾಗಿಲಲ್ಲಿ ರಾಶಿ ಹಾಕಿ ಒಳಗೆ ಹೋಗುವುದು, ಸಿಸ್ಟರ್ ಬಂದು "ಶೂ ಬಿಡಬೇಕಾಗಿಲ್ಲ, ಹಾಕಿಕೊಂಡೇ ಬನ್ನಿ" ಎನ್ನುವುದು, ಇದು ವರ್ಷವೂ ನಡೆಯುತ್ತಿತ್ತು. ಮನೆಗೆ ಬಂದು ಹೇಳಿದರೆ ಅಜ್ಜಿ, "ಆ ಸಿಸ್ಟರಿಗೇನು ಗೊತ್ತು? ದೇವರು ಯಾವನಾದ್ರೂ ಚರ್ಮ ಚರ್ಮವೇ" ಎನ್ನುತ್ತಿದ್ದಳು. ಅಜ್ಜಿ ಹೇಳಿದ್ದು ತಲೆಯಲ್ಲಿ ಉಳಿದರೆ ಮರೆಯಬಹುದಿತ್ತೇನೋ, ಅದು ಕಾಲಿಗೇ ಇಳಿದುಬಿಟ್ಟಿತ್ತು.

ಗೈಡಾದ ಮೂರನೆಯ ದಿನ, ಹನ್ನೆರಡು ಜನರ ಗುಂಪನ್ನು ಕರೆದುಕೊಂಡು ಚಾಪೆಲ್ ಬಾಗಿಲಿಗೆ ಬಂದೆ. ಬಾಯಿ ಏನೋ ಇಸವಿ ಹೇಳುತ್ತಿತ್ತು. ಕಾಲು ತನ್ನಷ್ಟಕ್ಕೆ ತಾನು ಶೂ ಬಿಚ್ಚಿ ಗೋಡೆಯ ಪಕ್ಕಕ್ಕೆ ತಳ್ಳಿತು. ಒಳಗೆ ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದರೆ ಹನ್ನೆರಡು ಜನರೂ ಹೊಸ್ತಿಲಾಚೆ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಾರೆ. ಎಡಗಾಲಿನ ಕಾಲುಚೀಲದ ತೂತಿನಿಂದ ನನ್ನ ಹೆಬ್ಬೆರಳೂ ಅವರನ್ನು ನೋಡುತ್ತಿದೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗ ಷಾರ್ಲೆಟ್ ನಗರದಿಂದ ಬಂದಿದ್ದ ಒಬ್ಬ ನಿವೃತ್ತ ಟೀಚರಮ್ಮ, "ಓ, ಹೆಜ್ಜೆ ಸಪ್ಪಳ ಹೊರಗೆ ಕೇಳಬಾರದು ಅಂತ ಹೀಗೆ ಮಾಡುತ್ತಿದ್ದರಾ?" ಎಂದಳು.

ನಾನು ಹೇಳಿದ್ದು ಒಂದೇ ಮಾತು: "ಹೌದು."

ನಮ್ಮಲ್ಲಿ ಹೀಗೆ, ನಮ್ಮ ಅಜ್ಜಿ ಹೀಗೆ ಹೇಳುತ್ತಿದ್ದಳು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಂದು ಐದು ತಿಂಗಳಾದ ನನಗೆ ನಮ್ಮೂರಿನವಳಂತೆ ಕಾಣುವುದಕ್ಕಿಂತ ಸುಳ್ಳಿಯಾಗುವುದೇ ಸಲೀಸೆನಿಸಿತು. ಇದು ನನ್ನ ಸತ್ಯನಿಷ್ಠೆಯ ಬೆಲೆ. ಒಂದು ತೂತು ಕಾಲುಚೀಲ.

ಹನ್ನೆರಡು ಜನರೂ ಭಕ್ತಿಯಿಂದ ಶೂ ಬಿಚ್ಚಿದರು. ಟೀಚರಮ್ಮನ ಕಣ್ಣಲ್ಲಿ ನೀರು. ಹೋಗುವಾಗ ಬೆವರ್ಲಿಯ ಕೈ ಹಿಡಿದು, ಇಂಥ ಅನುಭವ ಎಲ್ಲೂ ಆಗಿರಲಿಲ್ಲ ಎಂದಳಂತೆ. ಮುಂದಿನ ವಾರಕ್ಕೆ ಬಾಗಿಲ ಬಳಿ ಒಂದು ಮರದ ಸ್ಟ್ಯಾಂಡ್ ಬಂತು. ಮುಂದಿನ ತಿಂಗಳಿಗೆ ಒಂದು ಫಲಕ ಬಂತು. ಮಿಕ್ಕ ಗೈಡುಗಳು ಕಥೆಗೆ ಕೈಕಾಲು ಜೋಡಿಸಿದರು. ಒಬ್ಬಳು ಒಂದು ಮಗುವನ್ನು ತಂದಳು, ಅದರ ಕೈಯಿಂದ ಶೂ ಜಾರಿ ಬಿದ್ದು ಸಿಕ್ಕಿಬೀಳುವ ಹಾಗಾಯಿತಂತೆ. ಇನ್ನೊಬ್ಬಳು ಒಂದು ನಾಯಿಯನ್ನು ಸೇರಿಸಿದಳು. ವರ್ಷ ತಿರುಗುವುದರೊಳಗೆ ಬ್ರೋಷರಿನಲ್ಲಿ ಅಚ್ಚಾಯಿತು. ಅಚ್ಚಾದದ್ದನ್ನು ಓದಿ ಬಂದವರು ನನಗೇ ಅದನ್ನು ವಿವರಿಸತೊಡಗಿದರು.

ಒಮ್ಮೆ ಕ್ಯಾರಿಯಿಂದಲೂ ಪಕ್ಕದ ಮಾರಿಸ್‌ವಿಲ್‌ನಿಂದಲೂ ನಮ್ಮ ಕನ್ನಡದವರು ಏಳೆಂಟು ಕಾರಿನಲ್ಲಿ ಪುಳಿಯೋಗರೆ ಕಟ್ಟಿಕೊಂಡು ಬಂದರು. ಚಾಪೆಲ್ ಬಾಗಿಲಲ್ಲಿ ಅವರು ಫಲಕ ಓದಲೂ ಇಲ್ಲ, ಕಾರಣ ಕೇಳಲೂ ಇಲ್ಲ. ಮಾತಾಡುತ್ತಲೇ ಚಪ್ಪಲಿ ಕಳಚಿ ಒಳಗೆ ಹೋದರು. ಬೆವರ್ಲಿ ನನ್ನ ಭುಜ ಹಿಡಿದು, "ನೋಡು ಹನಿ, ನಮ್ಮ ಪರಂಪರೆಗೆ ನಿಮ್ಮ ಜನ ಎಷ್ಟು ಗೌರವ ಕೊಡುತ್ತಾರೆ" ಎಂದು ಮೂಗೊರೆಸಿಕೊಂಡಳು. ಅಷ್ಟರಲ್ಲಿ ರಂಗನಾಥ ಅಂಕಲ್, ಮಗನ ಮನೆಗೆ ಆರು ತಿಂಗಳಿಗೆ ಬಂದಿದ್ದ ನಿವೃತ್ತ ಎಂಜಿನಿಯರು, ಸೂರ್ಯನ ಕಡೆ ನೋಡಿ ದಿಕ್ಕು ಲೆಕ್ಕ ಹಾಕಿ ನನ್ನ ಹತ್ತಿರ ಬಂದರು.

"ಏನಮ್ಮಾ, ಈ ಮನೆ ಮೇನ್ ಡೋರ್ ಸೌತ್ ಫೇಸಿಂಗ್ ಅಲ್ವಾ?"

"ಹೌದು ಅಂಕಲ್."

"ಅದಕ್ಕೇ ಮಾರ್ಕೊಂಡಿದಾರೆ ನೋಡು. ಇವ್ರು ತಂದೂ ಹಾಗೇ ಕಟ್ಟಿದಾರಲ್ಲ, ಅಷ್ಟು ಖರ್ಚು ಮಾಡಿ ಒಂಚೂರು ತಿರುಗ್ಸಬಾರ್ದಾಗಿತ್ತಾ?"

ಆ ಮನೆಯ ಇತಿಹಾಸದ ಬಗ್ಗೆ ನಾಲ್ಕು ವರ್ಷದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದೊಂದರಲ್ಲೇ ಏನೋ ಹುರುಳಿದೆ ಎನಿಸಿತ್ತು.

ಹೀಗೆ ಎಲ್ಲರನ್ನೂ ಆಡಿಕೊಂಡು ಹಾಯಾಗಿದ್ದೆ. ತೊಂಬತ್ತೇಳರ ಅಕ್ಟೋಬರಿನಲ್ಲಿ ಮಿಸ್ ಆಗ್ನೆಸ್ ವಿದರ್ಸ್‌ಬಿ ಬಂದಳು.

ಆ ಮನೆತನದಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಎಂಬತ್ತರ ಹತ್ತಿರ. ಕಣ್ಣು ಮುಕ್ಕಾಲು ಹೋಗಿತ್ತು. ತೆಳ್ಳಗಿನ ಮೈ, ಮೊಣಕಾಲುದ್ದದ ಕೋಟು, ಕಾಲಲ್ಲಿ ಲೇಸು ಕಟ್ಟುವ ಹಳೆಯ ಕಾಲದ ಕಪ್ಪು ಶೂ. ಬೆವರ್ಲಿ ಬಾಗಿಲಿಗೆ ಹೂವು ಕಟ್ಟಿಸಿದ್ದಳು, ಫೋಟೋದವನನ್ನು ಕರೆಸಿದ್ದಳು. ಮುದುಕಿ ಅದ್ಯಾವುದನ್ನೂ ಗಮನಿಸಲಿಲ್ಲ. ದೊಡ್ಡ ಹಾಲ್ ಬೇಡ, ಮಹಡಿ ಬೇಡ, ಚಾಪೆಲ್ ಒಂದನ್ನೇ ತೋರಿಸಿ, ಜೊತೆಗೆ ಒಬ್ಬರು ಸಾಕು ಎಂದಳು. ಬೆವರ್ಲಿ ನನ್ನನ್ನು ಕಳಿಸಿದಳು.

ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ನಡೆಯುತ್ತ ಮಿಸ್ ಆಗ್ನೆಸ್ ತಾನು ಯಾಕೆ ಬಂದೆನೆಂದು ಹೇಳಿದಳು. ಅವಳಿಗೆ ಆರು ವರ್ಷವಾಗಿದ್ದಾಗ ತಾಯಿ ಹೋದಳು. ಶವಪೆಟ್ಟಿಗೆಯನ್ನು ಚಾಪೆಲ್‌ನಲ್ಲಿ ಎರಡು ದಿನ ಇಟ್ಟಿದ್ದರು. ಮರುವರ್ಷ ತಂದೆ ಮನೆ ಮಾರಿದ. ತಾಯಿ ಮಲಗಿದ್ದ ನೆಲವನ್ನೇ ಮಾರಿದನೆಂದು ಊರವರು ಅವನನ್ನು ಮಾತಾಡಿಸುವುದು ಬಿಟ್ಟರು. ಸಾಯುವವರೆಗೆ ಮಗಳೂ ಕ್ಷಮಿಸಲಿಲ್ಲ.

"ಈಗ ನಾನೂ ಹೊರಡುವ ಹೊತ್ತು ಬಂತು. ಆ ನೆಲದ ಮೇಲೆ ನಿಂತು ಇಬ್ಬರಿಗೂ ಒಂದು ಪ್ರಾರ್ಥನೆ ಹೇಳಬೇಕು, ಅಷ್ಟೆ. ಇದು ಅದೇ ನೆಲವೋ ಅಲ್ಲವೋ ನನಗೆ ಗೊತ್ತಾಗಬೇಕು. ಅದೇ ಅಂತ ಹೇಳಬೇಡ. ಇಲ್ಲಿ ಎಲ್ಲರೂ ಎಲ್ಲಕ್ಕೂ ಅದೇ ಅದೇ ಅಂತಿದ್ದಾರೆ" ಎಂದಳು.

ಬಾಗಿಲಿಗೆ ಬಂದೆವು. ಫಲಕ ಓದಲು ಅವಳಿಗೆ ಕಣ್ಣು ಕಾಣದು. ನಾಲ್ಕು ವರ್ಷದ ರೂಢಿಯಿಂದ ನನ್ನ ಬಾಯಿ ತಾನೇ ತೆರೆದು, "ಇಲ್ಲಿ ಶೂ ಬಿಚ್ಚುವುದು ಮನೆತನದ ಸಂಪ್ರದಾಯ" ಎಂದುಬಿಟ್ಟಿತು. ಆ ಮನೆತನದವಳಿಗೆ.

"ಹೌದಾ? ನನಗೆ ಯಾರೂ ಹೇಳಿರಲಿಲ್ಲ" ಎಂದು ಅವಳು ಅಲ್ಲಿದ್ದ ಬೆಂಚಿನ ಮೇಲೆ ಕುಳಿತಳು. ಬಗ್ಗಿದಳು. ಗಂಟು ಗಂಟಾದ ಬೆರಳುಗಳಿಂದ ಲೇಸು ಹುಡುಕಿದಳು. ಅದು ಸಿಕ್ಕಲಿಲ್ಲ, ಮತ್ತೆ ಹುಡುಕಿದಳು. ಒಂದು ಶೂ ಬಿಚ್ಚಲು ಅವಳಿಗೆ ಎಷ್ಟು ಹೊತ್ತಾಯಿತೆಂದರೆ, ನಾನು ನಾಲ್ಕು ವರ್ಷ ನಕ್ಕಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಏರ್‌ಕಂಡಿಷನರ್ ಕೂರಿಸಿದವರು, ಇಸ್ಪೀಟು ಆಡಿದವರು, ನಾಯಿಯನ್ನು ಸೇರಿಸಿದವರು, ಯಾರೂ ಒಬ್ಬ ಕುರುಡು ಮುದುಕಿಯನ್ನು ಹೀಗೆ ನೆಲಕ್ಕೆ ಬಗ್ಗಿಸಿರಲಿಲ್ಲ. ನನಗೆ ಅಸಹ್ಯವಾಯಿತು, ನನ್ನ ಮೇಲೆಯೇ.

ನೆಲದ ಮೇಲೆ ಕುಳಿತು ಅವಳ ಕೈ ಹಿಡಿದುಕೊಂಡೆ. ಎಲ್ಲ ಹೇಳಿದೆ. ಅಜ್ಜಿ, ಕಾನ್ವೆಂಟು, ಕಾಲುಚೀಲದ ತೂತು, ಟೀಚರಮ್ಮ, ನಾನು ಹೇಳಿದ ಒಂದು ಹೌದು. "ನಿಮ್ಮ ಮನೆಯಲ್ಲಿ ಯಾರೂ ಶೂ ಬಿಡುತ್ತಿರಲಿಲ್ಲ. ಅದು ನಾನು ಹೇಳಿದ ಸುಳ್ಳು. ದಯವಿಟ್ಟು ಹಾಕಿಕೊಳ್ಳಿ, ನಾನೇ ಕಟ್ಟುತ್ತೇನೆ" ಎಂದೆ.

ಅವಳ ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ. ಹಾಗೇ ಕುಳಿತು ಅಂದಳು:

"ಯಾರೂ ಬಿಡುತ್ತಿರಲಿಲ್ಲ ಅನ್ನಬೇಡ. ಒಬ್ಬಳು ಬಿಡುತ್ತಿದ್ದಳು. ನಮ್ಮ ಪಾದ್ರಿಯ ಉಪದೇಶ ಮುಗಿಯುತ್ತಲೇ ಇರಲಿಲ್ಲ. ನನ್ನ ಜಾಗದ ಕೆಳಗಿನ ಕಲ್ಲಿನಲ್ಲಿ ಒಂದು ಚಿಪ್ಪಿನ ಗುಳಿಯಿತ್ತು, ಕಲ್ಲಾಗಿ ಹೋದ ಸಮುದ್ರದ ಚಿಪ್ಪು. ನಾನು ಮೆಲ್ಲಗೆ ಶೂ ಬಿಚ್ಚಿ ಅದರೊಳಗೆ ಹೆಬ್ಬೆರಳು ಇಟ್ಟುಕೊಂಡು ಕೂರುತ್ತಿದ್ದೆ. ಅಮ್ಮ ನೋಡಿದರೆ ಚಿವುಟುತ್ತಿದ್ದಳು."

ಶೂ ಇದ್ದ ಕಾಲನ್ನು ನನ್ನ ಕಡೆ ಚಾಚಿ, "ಈ ಇನ್ನೊಂದನ್ನೂ ಬಿಚ್ಚು" ಎಂದಳು.

ಬಿಚ್ಚಿದೆ. ಕಾಲುಚೀಲವನ್ನೂ ತೆಗೆಯಲು ಹೇಳಿದಳು. ನನ್ನ ಭುಜ ಹಿಡಿದು ಅವಳು ಆ ತಣ್ಣನೆಯ ನೆಲದ ಮೇಲೆ ಒಂದೊಂದೇ ಕಲ್ಲನ್ನು ಪಾದದಿಂದ ಸವರುತ್ತ ನಡೆದಳು. ಮುಂದಿನ ಸಾಲಿನಲ್ಲಿ ಅವಳ ಜಾಗವಿದ್ದ ಕಡೆ ಏನೂ ಇರಲಿಲ್ಲ. ಪೀಠದ ಮುಂದೆ ಇರಲಿಲ್ಲ. ಎಡಗಡೆಯೂ ಇರಲಿಲ್ಲ. ಅವಳ ಕೈ ನನ್ನ ಭುಜದ ಮೇಲೆ ಭಾರವಾಗುತ್ತ ಬಂತು. ಹಿಂದುಗಡೆ, ಬಾಗಿಲ ಮೂಲೆಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೇತುಹಾಕಿದ್ದ ಗೋಡೆಯ ಕೆಳಗೆ, ಅವಳ ಹೆಬ್ಬೆರಳು ಒಂದು ಚಿಪ್ಪಿನ ಗುಳಿಯೊಳಗೆ ಇಳಿದು ನಿಂತಿತು. ನಂಬರ್ ಬರೆದು, ಪೆಟ್ಟಿಗೆಯಲ್ಲಿಟ್ಟು, ಸಾಗರ ದಾಟಿಸಿ ತಂದ ಕಲ್ಲನ್ನು ಆ ಘನಂದಾರಿಗಳು ಯಾವುದೋ ಮೂಲೆಗೆ ಹಾಕಿದ್ದರು.

"ದಡ್ಡರು" ಎಂದಳು ಮಿಸ್ ಆಗ್ನೆಸ್. ಅಲ್ಲಿಯೇ, ಸಿಲಿಂಡರಿನ ಕೆಳಗೆ, ಬರಿಗಾಲಲ್ಲಿ ನಿಂತು ತುಟಿ ಅಲ್ಲಾಡಿಸತೊಡಗಿದಳು. ಎರಡು ಹೆಸರು ಕೇಳಿಸಿತು, ಒಂದು ಹೆಂಗಸಿನದು, ಒಂದು ಗಂಡಸಿನದು. ನಾನು ಅತ್ತುಬಿಟ್ಟೆ.

ಅವಳನ್ನು ಕಾರು ಹತ್ತಿಸಿ ಬಂದು ನೇರವಾಗಿ ಬೆವರ್ಲಿಯ ಕೋಣೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಫಲಕ ತೆಗೆಸಬೇಕು, ಬ್ರೋಷರ್ ತಿದ್ದಿಸಬೇಕು, ಆ ಸಂಪ್ರದಾಯ ನನ್ನ ಅಜ್ಜಿಯದು, ಇವರದಲ್ಲ ಎಂದೆ. ಬೆವರ್ಲಿ ಮುತ್ತಿನ ಸರ ಸರಿಪಡಿಸಿಕೊಂಡು ನನ್ನನ್ನು ಕನಿಕರದಿಂದ ನೋಡಿದಳು.

"ಹನಿ, ಆ ಮನೆಯ ಮಗಳೇ ಶೂ ಬಿಚ್ಚಿ ಒಳಗೆ ಹೋಗಿದ್ದನ್ನ ನಾನು ಕಾರಿಡಾರಿನ ತುದಿಯಿಂದ ಕಣ್ಣಾರೆ ನೋಡಿದೆ. ಅದಕ್ಕಿಂತ ಸಾಕ್ಷಿ ಬೇಕಾ?"

ಚಿಪ್ಪಿನ ಗುಳಿಯ ವಿಷಯ ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅದರ ಸುತ್ತ ಹಗ್ಗ ಕಟ್ಟುತ್ತಿದ್ದಳು. ಕೊಕ್ಕರೆಯನ್ನು ಮೇಜಿನ ಮೇಲಿಟ್ಟು ಮನೆಗೆ ಬಂದೆ, ಮತ್ತೆ ಹೋಗಲಿಲ್ಲ.

ಈಗ ಈ ಸ್ಲಿಪ್ಪರ್. ಚೀಟಿಯ ಹಿಂಬದಿ ತಿರುಗಿಸಿ ನೋಡಿದೆ. ಮನೆತನದ ಕೊನೆಯ ಮಗಳು ತಮ್ಮ ಭೇಟಿಯಲ್ಲಿ ಈ ಪುರಾತನ ಸಂಪ್ರದಾಯವನ್ನು ಸ್ವತಃ ಪಾಲಿಸಿದರೆಂದು ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಹೊಯ್ಸಳರ ಶಾಸನಗಳಲ್ಲಿ ನಾನು ನಂಬಿದ್ದು ಎಷ್ಟೋ, ಅದರಲ್ಲಿ ಇಂಥವು ಎಷ್ಟೋ. ಅದನ್ನು ಯೋಚಿಸಲು ಹೋಗುವುದಿಲ್ಲ.

"ಡು ಯು ಲೈಕ್ ದೆಮ್?" ಎಂದು ಸಿಂಧು ಕೇಳಿದಳು. ತನ್ನ ಪಾಕೆಟ್ ಮನಿಯಲ್ಲಿ ತಂದಿದ್ದಳು, ಪಾಪ.

"ಚೆನ್ನಾಗಿದೆ ಪುಟ್ಟಿ. ಅಲ್ಲಿ ಚಾಪೆಲ್ ಒಳಗೆ ಬಾಗಿಲ ಮೂಲೇಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇದೆಯಲ್ಲ, ಅದರ ಕೆಳಗೆ ಹೋಗಿ ನಿಂತ್ಕೊಂಡ್ಯಾ?"

"ನೋ. ವೈ? ಅಲ್ಲಿ ಏನಿದೆ?"

"ಮುಂದಿನ ಸಲ ಹೋದಾಗ ನಿಂತ್ಕೊಂಡು ನೋಡು" ಎಂದೆ. "ಆದ್ರೆ ಈ ಸ್ಲಿಪ್ಪರ್ ಹಾಕ್ಕೊಂಡ್ರೆ ಗೊತ್ತಾಗಲ್ಲ. ಇದನ್ನೂ ಬಿಚ್ಚಬೇಕು."